ಹಗ್ಗ ಯಾರು ಹಿಡಿದಿದ್ದರು ಅಂತ ಯಾಕೆ ಯಾರೂ ಕೇಳಲ್ಲ?

ಕ್ಲೈಂಬಿಂಗ್‌ಗೆ ಹೋಗಿದ್ದೆ ಅಂದರೆ ಸಾಕು, ಎಲ್ಲರೂ ಕೇಳೋದು ಎರಡೇ ಪ್ರಶ್ನೆ. ಚಿತ್ರದುರ್ಗದ ಜ್ಯೋತಿರಾಜ್ ಥರಾನಾ? ತುದಿ ಮುಟ್ಟಿದ್ರಾ? ಮೊದಲನೆಯದಕ್ಕೆ ಉತ್ತರ ಸುಲಭ. ಅಲ್ಲ ಮಾರಾಯ್ರೇ, ಅವರು ಕೋಟೆ ಗೋಡೆಯನ್ನು ಬರಿಗೈಯಲ್ಲಿ ಹತ್ತುವವರು, ನಮಗೆ ಹಗ್ಗ ಇಲ್ಲದೆ ತಾರಸಿಯ ನೀರಿನ ಟ್ಯಾಂಕ್ ಹತ್ತೋಕೂ ಧೈರ್ಯ ಇಲ್ಲ. ಎರಡನೆಯದು ಕೇಳಿದಾಗ ಮಾತ್ರ ಸ್ವಲ್ಪ ರೇಗುತ್ತದೆ. ನಾನು ಎಷ್ಟು ಮೇಲೆ ಹೋದೆ ಅನ್ನೋದಕ್ಕಿಂತ ನನ್ನ ಹಗ್ಗ ಯಾರ ಕೈಯಲ್ಲಿತ್ತು ಅನ್ನೋದು ದೊಡ್ಡ ವಿಷಯ.

ಮೊನ್ನೆ ಭಾನುವಾರ ಬಾದಾಮಿಯಲ್ಲಿದ್ದೆವು. ನಾವು ಬೆಂಗಳೂರಿನವರು ಗೋಲಗುಂಬಜ್ ಎಕ್ಸ್‌ಪ್ರೆಸ್ ಇಳಿದು ಕಣ್ಣುಜ್ಜಿಕೊಳ್ಳುತ್ತಾ ನಡೆದರೆ, ಧಾರವಾಡದ ಗೆಳೆಯ ಆಗಲೇ ಬೈಕ್ ತುಂಬ ಸಾಮಾನು ಹೇರಿಕೊಂಡು ಬಂದು ಚಹಾ ಕುಡಿಯುತ್ತಿದ್ದ. ಬಾದಾಮಿಯದು ಕೆಂಪು ಮರಳುಗಲ್ಲು. ರಾಮನಗರ, ಸಾವನದುರ್ಗದ ಗ್ರಾನೈಟ್ ಮೇಲೆ ಎಷ್ಟೋ ಕಡೆ ಹಿಡಿಯೋಕೆ ಏನೂ ಸಿಗಲ್ಲ, ಶೂ ಜಾರಲ್ಲ ಅಂತ ನಂಬಿಕೊಂಡು ನಿಲ್ಲಬೇಕು. ಇಲ್ಲಿ ಬೆರಳಿಗೆ ಅಂಚು ಸಿಗುತ್ತವೆ, ಆದರೆ ಗೋಡೆ ನೆಟ್ಟಗಿದೆ, ಕೆಲವು ಕಡೆ ನಮ್ಮ ಮೇಲೇ ಬಾಗಿದೆ. ಮಳೆ ಬಂದು ಹೋದ ಕೂಡಲೇ ಮಾತ್ರ ಈ ಕಲ್ಲನ್ನು ಮುಟ್ಟಬಾರದು. ನೀರು ಕುಡಿದ ಮರಳುಗಲ್ಲು ಮೆತ್ತಗಾಗಿ, ಹಿಡಿದ ಅಂಚೇ ಕೈಗೆ ಬರುತ್ತದೆ. ಚಾಲುಕ್ಯರು ಕೊರೆದ ಗುಹೆಗಳೂ ಇದೇ ಕಲ್ಲಿನವು. 3ನೇ ಗುಹೆಯ ಶಾಸನ 578ರದ್ದು. (ಯಾರಾದರೂ ಕಮೆಂಟಿನಲ್ಲಿ ಬೈಯೋ ಮೊದಲೇ ಹೇಳುತ್ತೇನೆ, ಗುಹೆ, ಕೋಟೆ, ಗುಡಿ ಯಾವುದನ್ನೂ ನಾವು ಹತ್ತಲ್ಲ. ಹಗ್ಗ ಸಿಕ್ಕಿಸೋಕೆ ಕಲ್ಲಿಗೆ ಲೋಹದ ಬೋಲ್ಟ್ ಹೊಡೆದಿರುವ ಗೋಡೆಗಳು ಬೇರೆಯೇ ಇವೆ.)

ಗೊತ್ತಿಲ್ಲದವರಿಗೆ ಒಂದು ಮಾತು. ಮೇಲೆ ಹೋಗುವವನು ಒಂದೊಂದು ಬೋಲ್ಟ್ ಬಂದಾಗಲೂ ಅದಕ್ಕೆ ಕ್ವಿಕ್‌ಡ್ರಾ (ಎರಡೂ ತುದಿಗೆ ಕೊಂಡಿ ಇರುವ ಚಿಕ್ಕ ಪಟ್ಟಿ) ಸಿಕ್ಕಿಸಿ, ಅದರೊಳಗೆ ತನ್ನ ಹಗ್ಗ ಹಾಕುತ್ತಾ ಹೋಗುತ್ತಾನೆ. ಕೆಳಗಿರುವವರು ಅದೇ ಹಗ್ಗವನ್ನು ತಮ್ಮ ಸೊಂಟದ ಬಿಲೇ ಸಾಧನದ (ಹಗ್ಗಕ್ಕೆ ಬ್ರೇಕ್ ಇದ್ದ ಹಾಗೆ) ಮೂಲಕ ಬಿಡುತ್ತಾ ಇರಬೇಕು. ಬಿಗಿ ಹಿಡಿದರೆ ಅವನು ಮುಂದೆ ಹೋಗಲಾರ, ಜಾಸ್ತಿ ಬಿಟ್ಟರೆ ಬಿದ್ದಾಗ ನೆಲ ಕಾಣುತ್ತಾನೆ. ಬೋಲ್ಟಿನಿಂದ ಒಂದು ಮೀಟರ್ ಮೇಲೆ ಹೋಗಿ ಕೈಬಿಟ್ಟರೆ ಬೀಳೋದು ಎರಡು ಮೀಟರ್, ಅದರ ಮೇಲೆ ಹಗ್ಗದ ಸಡಿಲ, ಹಗ್ಗ ಹಿಗ್ಗುವುದು ಬೇರೆ.

ನಮ್ಮ ಗುಂಪಿನಲ್ಲಿ ಒಬ್ಬರು ಡಾಕ್ಟರಮ್ಮ ಇದ್ದಾರೆ. ತೂಕ ಐವತ್ತು ಕೆ.ಜಿ. ಇದ್ದರೆ ಹೆಚ್ಚು. ಅವತ್ತು ಅವರು ಹಗ್ಗ ಹಿಡಿದದ್ದು ತೊಂಬತ್ತು ಕೆ.ಜಿ.ಯ ನಮ್ಮ ಸಾಫ್ಟ್‌ವೇರ್ ಹುಡುಗನಿಗೆ. ಇಷ್ಟು ವ್ಯತ್ಯಾಸ ಇದ್ದಾಗ ಬಿದ್ದವನು ಕೆಳಗೆ, ಹಿಡಿದವರು ಮೇಲೆ. ಅದಕ್ಕೇ ಡಾಕ್ಟರಮ್ಮ ತಮ್ಮ ಹಾರ್ನೆಸ್‌ನಿಂದ (ಸೊಂಟ, ತೊಡೆಗೆ ಕಟ್ಟುವ ಬೆಲ್ಟು) ಹಿಂದಿನ ಮರದ ಬುಡಕ್ಕೆ ಒಂದು ಪಟ್ಟಿ ಸ್ವಲ್ಪ ಸಡಿಲ ಬಿಟ್ಟು ಕಟ್ಟಿಕೊಂಡಿದ್ದರು. ಹುಡುಗನ ಕಾಲು ಹೊಲಿಗೆ ಮಿಷನ್ ಥರ ನಡುಗೋಕೆ ಶುರುವಾಯಿತು, ‘ಹಿಡೀರೀ’ ಅಂದ, ಅನ್ನುವಷ್ಟರಲ್ಲೇ ಬಿದ್ದ. ಡಾಕ್ಟರಮ್ಮ ನೆಲ ಬಿಟ್ಟು ಮೇಲೆ ಹಾರಿದರು. ಪಟ್ಟಿ ಬಿಗಿಯಿತು. ಎಡಗಾಲು ಗೋಡೆಗೆ ಕೊಟ್ಟರು. ಬಲಗೈ ಮಾತ್ರ ತೊಡೆಯ ಪಕ್ಕ ಹಗ್ಗದ ಬಾಲವನ್ನು ಹಿಡಿದದ್ದು ಹಿಡಿದ ಹಾಗೇ ಇತ್ತು. ಮೇಲಿಂದ ‘ಅಕ್ಕಾ, ಇದ್ದೀರಾ?’ ಅಂತ ದನಿ. ‘ನಾನೆಲ್ಲಿ ಹೋಗ್ಲಿ, ಬಲಗಡೆ ಮೊಣಕಾಲ ಹತ್ರ ಅಂಚಿದೆ ನೋಡು, ಅಲ್ಲಿ ಕಾಲಿಡು’ ಅಂದರು. ಅವನು ಆ ಅಂಚು ಹುಡುಕಿ, ಕೈ ಒದರಿ, ಮತ್ತೆ ಹತ್ತಿ ತುದಿ ಮುಟ್ಟಿದ.

ಈಗ ಫೋಟೋ ನೋಡಿ. ಅವನೊಬ್ಬನೇ ಇದ್ದಾನೆ.

ಟಿವಿಯಲ್ಲೂ ಇದೇ ಕಥೆ. 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಮೊದಲ ಸಲ ಕ್ಲೈಂಬಿಂಗ್ ಇತ್ತು. ಲೀಡ್ ಸ್ಪರ್ಧೆಯಲ್ಲಿ, ಅಂದರೆ ನಮ್ಮ ಹಾಗೇ ಹಗ್ಗ ಸಿಕ್ಕಿಸುತ್ತಾ ಹತ್ತುವುದರಲ್ಲಿ, ಕೆಳಗೆ ಹಗ್ಗ ಹಿಡಿದವರತ್ತ ನಮ್ಮಲ್ಲಿ ಯಾರ ಕಣ್ಣು ಹೋಯಿತು ಹೇಳಿ?

ನನ್ನ ತಕರಾರು ಬರೀ ಫೋಟೋದ್ದಲ್ಲ. ದುಡ್ಡು ತೆಗೆದುಕೊಂಡು ಒಂದು ದಿನದ ಕ್ಲೈಂಬಿಂಗ್ ಮಾಡಿಸುವ ಒಂದು ಗುಂಪನ್ನು ಹೋದ ವರ್ಷ ಹತ್ತಿರದಿಂದ ನೋಡಿದೆ, ಹೆಸರು ಬೇಡ. ಬಂದವರಿಗೆ ಹಾರ್ನೆಸ್ ಹಾಕಿ, ಮೇಲೆ ಕಳಿಸಿ, ಇಳಿಸಿ, ಸೆಲ್ಫಿ ತೆಗೆದರೆ ಮುಗಿಯಿತು. ಹಗ್ಗ ಹಿಡಿಯೋದನ್ನು ಯಾರಿಗೂ ಕಲಿಸಲಿಲ್ಲ. ಹಗ್ಗ ಹಿಡಿದಿದ್ದ ಹುಡುಗನ ಇನ್ನೊಂದು ಕೈಯಲ್ಲಿ ಮೊಬೈಲು! ಕೇಳಿದರೆ ‘ಗ್ರಿಗ್ರಿ ಇದೆ ಸಾರ್, ತಾನಾಗೇ ಹಿಡ್ಕೊಳ್ಳುತ್ತೆ’ ಅಂದ. ಗ್ರಿಗ್ರಿ ಅಂದರೆ ಹಗ್ಗ ಜೋರಾಗಿ ಎಳೆದಾಗ ಕಚ್ಚಿ ಹಿಡಿಯುವ ಬಿಲೇ ಸಾಧನ. ಅದನ್ನು ಮಾಡಿದ ಕಂಪನಿಯೇ ಹಗ್ಗದಿಂದ ಕೈ ತೆಗೆಯಬೇಡಿ ಅಂತ ಹೇಳುತ್ತದೆ ಕಣಪ್ಪಾ.

ಧಾರವಾಡದವನು ಇಂಥದ್ದರಲ್ಲಿ ಸಿಕ್ಕಾಪಟ್ಟೆ ಖಡಕ್. ಬಕಲ್ ನೋಡಬೇಕು, ಹಗ್ಗದ ಎಂಟರ ಆಕಾರದ ಗಂಟು ಸರಿ ಇದೆಯಾ ನೋಡಬೇಕು, ಕ್ಯಾರಬೀನರ್ ಕೊಂಡಿಯ ಲಾಕ್ ಒತ್ತಿ ನೋಡಬೇಕು, ಅದೂ ಒಬ್ಬರದ್ದು ಇನ್ನೊಬ್ಬರು. ಹಗ್ಗದ ಕೆಳತುದಿಗೆ ಗಂಟು ಹಾಕದಿದ್ದರೆ ಹತ್ತೋಕೇ ಬಿಡಲ್ಲ. ಇಳಿಸುವಾಗ ಹಗ್ಗ ಸಾಲದೆ ತುದಿ ಸರ್ರನೆ ಸಾಧನದಿಂದ ಜಾರಿಹೋಗೋದು ಜಗತ್ತಿನಾದ್ಯಂತ ಪಳಗಿದವರಿಗೂ ಆಗಿರುವ ಅಪಘಾತ. ‘ಎಷ್ಟ್ ಸಲ ನೋಡ್ತೀಯೋ’ ಅಂದರೆ ‘ನಿಮ್ಮವ್ವಗ ನಾ ಉತ್ತರಾ ಕೊಡಬೇಕಾಗ್ತೈತಿ’ ಅನ್ನುತ್ತಾನೆ.

ಮಧ್ಯಾಹ್ನ ಬಿಸಿಲು ಗೋಡೆಗೆ ಬಂದ ಮೇಲೆ ಖಾನಾವಳಿ. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಗಟ್ಟಿ ಮೊಸರು. ಬೆರಳ ತುದಿಯ ಚರ್ಮ ಸವೆದಿದ್ದರಿಂದ ಖಾರ ಚುರುಚುರು ಅನ್ನುತ್ತಿತ್ತು, ಆದರೂ ಯಾರೂ ಚಮಚ ಕೇಳಲಿಲ್ಲ. ಬಾಳೆಹಣ್ಣು ತಂದಿದ್ದೆವು, ಅದನ್ನು ಬೆಳಗ್ಗೆಯೇ ಮಂಗಗಳು ಮುಗಿಸಿದ್ದವು.

ಮುಂದಿನ ತಿಂಗಳು ಮತ್ತೆ ಹೊರಟಿದ್ದೇವೆ. ಬರುವವರು ಇನ್‌ಬಾಕ್ಸ್‌ಗೆ ಬನ್ನಿ. ಬೆಳಗ್ಗೆ ಪೂರ್ತಿ ಹಗ್ಗ ಹಿಡಿಯೋದು ಕಲಿಯಬೇಕು, ಮೊಬೈಲ್ ಬ್ಯಾಗಿನಲ್ಲಿರಬೇಕು, ಡಾಕ್ಟರಮ್ಮ ಸರಿ ಅಂದ ಮೇಲೇ ಗೋಡೆ. ರೊಟ್ಟಿ ಖರ್ಚು ಅವರವರದ್ದು.