ಎಡಗತ್ತಿನ ಒಂದು ಸದ್ದು

ಶಿಫ್ಟ್ ಮುಗಿಸಿ ಈಗಷ್ಟೇ ಕೂತಿದ್ದೇನೆ. ಸಿಟ್ಟು ಇನ್ನೂ ಇಳಿದಿಲ್ಲ. ನಮ್ಮ ಟೀಮಿಗೆ ಸೇರಿ ಆರು ತಿಂಗಳಾದ ಹುಡುಗಿಗೆ ಇವತ್ತು ಆಡಿಟ್‌ನಲ್ಲಿ, ಅಂದರೆ ನಮ್ಮ ಕೆಲಸದ ತಪಾಸಣೆಯಲ್ಲಿ, ಎರರ್ ಹಾಕಿದರು. ಅವಳು ಹಾಕಿದ ಕೋಡ್ ಸರಿಯಾಗಿತ್ತು. ಊಟದ ಹೊತ್ತಿಗೆ ಬಂದು "ಅಕ್ಕಾ, ನಾನೆಲ್ಲಿ ತಪ್ಪಿದೆ?" ಅಂತ ಕೇಳಿದಳು. ಕಣ್ಣು ಕೆಂಪಾಗಿತ್ತು.

ನಾನು ಮಾಡುವುದು ಮೆಡಿಕಲ್ ಕೋಡಿಂಗ್ ಕೆಲಸ. ಬೆಂಗಳೂರಲ್ಲಿ ಕೂತು ಅಮೆರಿಕದ ಆಸ್ಪತ್ರೆಗಳ ಚಾರ್ಟ್ ಓದುವುದು, ಡಾಕ್ಟರು ಬರೆದ ಕಾಯಿಲೆಗೋ ಲಕ್ಷಣಕ್ಕೋ ಗೊತ್ತುಮಾಡಿದ ಅಕ್ಷರ-ಅಂಕಿಯ ಕೋಡ್ ಹಾಕುವುದು. ಇವತ್ತಿನ ಚಾರ್ಟಿನ ವಿವರ ಬದಲಿಸಿ ಹೇಳುತ್ತೇನೆ. ವಯಸ್ಸಾದ ರೋಗಿ, ಕ್ಲಿನಿಕ್ಕಿಗೆ ಮಾಮೂಲಿ ಚೆಕಪ್‌ಗೆ ಬಂದವರು. ಡಾಕ್ಟರು ಕತ್ತಿನ ಮೇಲೆ ಸ್ಟೆತಾಸ್ಕೋಪ್ ಇಟ್ಟಿದ್ದಾರೆ. ಎಡಗಡೆ ಕ್ಯಾರೋಟಿಡ್ ಬ್ರೂಯಿ ಇದೆ, ಸ್ಟೆನೋಸಿಸ್ ಇದೆಯೋ ಇಲ್ಲವೋ ನೋಡಬೇಕು, ಡಾಪ್ಲರ್ ಮಾಡಿಸಿ ಅಂತ ಬರೆದಿದ್ದಾರೆ. ಅಂದರೆ ಮಿದುಳಿಗೆ ರಕ್ತ ಒಯ್ಯುವ ಕತ್ತಿನ ರಕ್ತನಾಳದಲ್ಲಿ ಸದ್ದಿದೆ, ಆ ನಾಳ ಕಿರಿದಾಗಿದೆಯೋ ಏನೋ, ರಕ್ತದ ಹರಿವು ತೋರಿಸುವ ಸ್ಕ್ಯಾನ್ ಮಾಡಿಸಿ ಅಂತ. ಅಷ್ಟೇ.

ಹುಡುಗಿ ಆರ್ 09.89 ಹಾಕಿದ್ದಳು. ಆಡಿಟರ್ ಅದನ್ನು ಹೊಡೆದು ಐ 65.22 ಮಾಡಿದರು. ಮೊದಲನೆಯದು ಒಂದು ಸದ್ದು ಕೇಳಿಸಿತು ಅನ್ನುವ ಕೋಡ್. ಎರಡನೆಯದು ಎಡಗಡೆಯ ಕ್ಯಾರೋಟಿಡ್ ರಕ್ತನಾಳ ಕಿರಿದಾಗಿದೆ ಅಥವಾ ಮುಚ್ಚಿದೆ ಅನ್ನುವ ಕೋಡ್. ಸ್ಕ್ಯಾನ್ ಇನ್ನೂ ಆಗಿಲ್ಲ. ನಾಳ ಕಿರಿದಾಗಿದೆ ಅಂತ ಇವರಿಗೆ ಯಾರು ಹೇಳಿದರು?

ಇದು ಅಭಿಪ್ರಾಯದ ಮಾತೂ ಅಲ್ಲ. ಈ ಕೋಡ್‌ಗಳ ಪಟ್ಟಿ ಐಸಿಡಿ-10-ಸಿಎಂ ಅಮೆರಿಕದಲ್ಲಿ ಬಳಕೆಗೆ ಬಂದದ್ದು 2015ರ ಅಕ್ಟೋಬರ್ 1ಕ್ಕೆ. ಅದರ ಅಧಿಕೃತ ನಿಯಮಗಳ ನಾಲ್ಕನೇ ಭಾಗ ಹೊರರೋಗಿಗಳದ್ದು. ಅಲ್ಲಿ 'ಎಚ್' ಅನ್ನುವ ಅಂಶ ತೆಗೆದು ನೋಡಿ. 'ಇರಬಹುದು', 'ಅನುಮಾನವಿದೆ', 'ಇದೆಯೋ ಇಲ್ಲವೋ ನೋಡಬೇಕು' ಅಂತ ಬರೆದ ಕಾಯಿಲೆಗೆ ಕೋಡ್ ಹಾಕಬೇಡಿ, ಆ ಭೇಟಿಯಲ್ಲಿ ಖಚಿತವಾಗಿ ಗೊತ್ತಾದ ಲಕ್ಷಣಕ್ಕೆ ಹಾಕಿ ಅಂತಿದೆ. ಆಸ್ಪತ್ರೆಯಲ್ಲಿ ಅಡ್ಮಿಟ್ ಆದವರಿಗೆ ನಿಯಮ ಬೇರೆ. ಡಿಸ್ಚಾರ್ಜ್ ಹೊತ್ತಿಗೂ ಅನುಮಾನವೇ ಉಳಿದಿದ್ದರೆ ಅಲ್ಲಿ ಕಾಯಿಲೆ ಅಂತಲೇ ಕೋಡ್ ಮಾಡಬಹುದು. ಈ ಎರಡನ್ನು ಕಲಸಿಬಿಟ್ಟರೆ ಇಂಥ ಎರರ್ ಹುಟ್ಟುತ್ತದೆ. ಆದರೆ ಆಡಿಟ್ ಮಾಡುವವರೇ ಕಲಸಿದರೆ?

ಬ್ರೂಯಿ ಅಂದರೆ ಫ್ರೆಂಚ್‌ನಲ್ಲಿ ಬರೀ ಸದ್ದು ಅಂತ. ತೋಟಕ್ಕೆ ನೀರು ಬಿಡುವ ಪೈಪನ್ನು ನಡುವೆ ಅದುಮಿದರೆ ನೀರು ಸುಳಿದು ಸುಯ್ಯ್ ಅನ್ನುತ್ತದಲ್ಲ, ಹಾಗೆ ರಕ್ತ ಸುಳಿದಾಗ ಬರುವ ಸದ್ದು. ನಾಳ ಕಿರಿದಾಗಿದ್ದರೂ ಬರುತ್ತದೆ. ರಕ್ತಹೀನತೆ ಜಾಸ್ತಿಯಾಗಿ ರಕ್ತ ಜೋರಾಗಿ ಹರಿದರೂ ಬರುತ್ತದೆ. ಥೈರಾಯ್ಡ್ ಮಿತಿಮೀರಿ ಕೆಲಸ ಮಾಡಿದರೂ ಕೇಳಿಸಬಹುದು. ಹೃದಯದ ಮಹಾಧಮನಿಯ ವಾಲ್ವ್ ಗಟ್ಟಿಯಾಗಿದ್ದರೆ ಅಲ್ಲಿಯ ಸದ್ದೇ ಕತ್ತಿನವರೆಗೆ ಏರಿ ಬರುತ್ತದೆ. ಇನ್ನೊಂದು ಕಡೆ, ನಾಳ ಹೆಚ್ಚುಕಡಿಮೆ ಪೂರ್ತಿ ಮುಚ್ಚಿದಾಗ ರಕ್ತವೇ ಹರಿಯದೆ ಸದ್ದು ಅಡಗಿಹೋಗಬಹುದು. ಸದ್ದಿದ್ದರೆ ಬ್ಲಾಕ್, ಸದ್ದಿಲ್ಲದಿದ್ದರೆ ಆರಾಮ ಅಂತ ಯಾವ ಡಾಕ್ಟರೂ ಹೇಳುವುದಿಲ್ಲ. ಡಾಕ್ಟರು ಹೇಳದ್ದನ್ನು ನಾವು ಹೇಗೆ ಹೇಳುವುದು?

ಆಡಿಟರ್ ವಾದವನ್ನೂ ಹೇಳಿಬಿಡುತ್ತೇನೆ. ಆರ್ 09.89 ಒಂದು ಗೋಣಿಚೀಲ ಅಂದರು. ನಿಜ. ಕತ್ತಿನ ಸದ್ದು, ಎದೆಯ ಗೊರಗೊರ, ಕ್ಷೀಣ ನಾಡಿ ಎಲ್ಲಾ ಅದರೊಳಗೇ ಇವೆ. ಎಡವೋ ಬಲವೋ ಹೇಳಲೂ ಅದರಲ್ಲಿ ಜಾಗವಿಲ್ಲ. ಐ 65ರಲ್ಲಿ ಬಲಕ್ಕೆ 21, ಎಡಕ್ಕೆ 22, ಎರಡೂ ಕಡೆಗೆ 23 ಅಂತ ಚೆಂದವಾಗಿ ಬೇರೆ ಬೇರೆ ಇದೆ. "ನಿಖರವಾದ ಕೋಡ್ ಇರುವಾಗ ಅದನ್ನೇ ಹಾಕಬೇಕಲ್ವಾ?" ಅಂದರು. ನಿಖರವಾಗಿದ್ದರೆ ಸಾಕಾ, ನಿಜವಾಗಿರಬೇಡವಾ? ಕೋಡ್‌ನಲ್ಲಿ ಜಾಗ ಇಲ್ಲದಿದ್ದರೆ ಡಾಕ್ಟರ ನೋಟ್‌ನಲ್ಲಿ ಜಾಗ ಇದೆ. ಯಾವ ಕಡೆ, ಎಷ್ಟು ಜೋರು, ಎದೆಯಲ್ಲೂ ಕೇಳಿಸಿತಾ, ಮಾತು ತೊದಲಿತ್ತಾ, ಒಂದು ಕಣ್ಣು ಸ್ವಲ್ಪ ಹೊತ್ತು ಮಂಜಾಗಿತ್ತಾ, ಇದನ್ನೆಲ್ಲ ಅಲ್ಲಿ ಬರೆಯಬೇಕು. ಬರೆಯದಿದ್ದರೆ ನಾವು ಕ್ವೆರಿ ಕಳಿಸಿ ಕೇಳಬೇಕು. ಸ್ಕ್ಯಾನ್ ಆಗಿ ಕಿರಿದಾಗಿದೆ ಅಂತ ವರದಿ ಬಂದರೆ ಆಗ ಧಾರಾಳವಾಗಿ ಐ 65.22 ಹಾಕೋಣ. ಆಗ ಸದ್ದಿಗೆ ಬೇರೆ ಕೋಡೂ ಬೇಡ, ಅದು ಕಾಯಿಲೆಯೊಳಗೇ ಸೇರಿಹೋಗುತ್ತದೆ.

ಅಮೆರಿಕದ ತಡೆಗಟ್ಟುವ ಸೇವೆಗಳ ಕಾರ್ಯಪಡೆ 2014ರಲ್ಲೂ 2021ರಲ್ಲೂ ಒಂದೇ ಮಾತು ಹೇಳಿದೆ: ಯಾವ ಲಕ್ಷಣವೂ ಇಲ್ಲದ ಸಾಮಾನ್ಯ ಜನಕ್ಕೆ ಕ್ಯಾರೋಟಿಡ್ ಸ್ಟೆನೋಸಿಸ್ ಹುಡುಕುವ ಸ್ಕ್ರೀನಿಂಗ್ ಬೇಡ. ಸುಮ್ನೆ ಹುಡುಕಹೋದರೆ ಇಲ್ಲದ ಕಾಯಿಲೆ ಇದೆ ಅನ್ನಿಸಿ, ಬೇಡದ ಆಪರೇಷನ್‌ವರೆಗೆ ಹೋಗಬಹುದು. ಆ ಆಪರೇಷನ್‌ನಿಂದಲೇ ಸ್ಟ್ರೋಕ್ ಆಗುವ ಅಪಾಯವೂ ಇದೆ. ಡಾಕ್ಟರುಗಳೇ ಇಷ್ಟು ಹಿಂದೆಮುಂದೆ ನೋಡುವ ಕಾಯಿಲೆಯ ಹೆಸರನ್ನು ನಾವು ಒಂದು ಕ್ಲಿಕ್ಕಿನಲ್ಲಿ ಒಬ್ಬರ ಹಣೆಗೆ ಹಚ್ಚುತ್ತೇವೆ. ಅದು ಅವರ ಫೈಲಿನಲ್ಲಿ ಕೂತುಬಿಡುತ್ತದೆ. ಮುಂದಿನ ಭೇಟಿಗೆ ಕಾಪಿ ಆಗುತ್ತದೆ, ಅದರ ಮುಂದಿನದಕ್ಕೂ.

ನನಗೆ ಇಷ್ಟು ಸಂಕಟ ಯಾಕೆ ಅಂತ ಹೇಳಲೇಬೇಕು. ನಮ್ಮ ಅಪ್ಪನಿಗೆ ಮೂರು ವರ್ಷದ ಹಿಂದೆ ಊರಲ್ಲಿ ಡಾಕ್ಟರೊಬ್ಬರು ಕತ್ತಿನಲ್ಲಿ ಸದ್ದು ಕೇಳಿಸಿತು ಅಂದರು. ಚೀಟಿಯಲ್ಲಿ ಯಾವ ಕಡೆ ಅಂತ ಬರೆಯಲಿಲ್ಲ. ಆಮೇಲೆ ಜ್ವರಕ್ಕೆ ಬೇರೆ ಆಸ್ಪತ್ರೆ ಸೇರಿದಾಗ ಆ ಚೀಟಿ ನೋಡಿಯೇ ಡಿಸ್ಚಾರ್ಜ್ ಸಮರಿಯಲ್ಲಿ 'ಕ್ಯಾರೋಟಿಡ್ ಬ್ಲಾಕ್' ಅಂತ ಬರೆದರು. ಸ್ಕ್ಯಾನ್ ಮಾಡಿರಲಿಲ್ಲ. ಅಪ್ಪ ತೋಟಕ್ಕೆ ಹೋಗುವುದನ್ನು ಬಿಟ್ಟರು. ಹಾಲು ಕರೆಯುವುದನ್ನೂ ಬಿಟ್ಟರು. ಕತ್ತು ತಿರುಗಿಸಲೂ ಹೆದರಿ, ಯಾರಾದರೂ ಕರೆದರೆ ಇಡೀ ಮೈ ತಿರುಗಿಸಿ ನೋಡುತ್ತಿದ್ದರು. ಏಳು ತಿಂಗಳು! ನಡೆದರೆ ಏದುಸಿರು ಬರುತ್ತದೆ ಅಂದರೆ ಎಲ್ಲರೂ ಕತ್ತನ್ನೇ ತೋರಿಸುತ್ತಿದ್ದರು. ದಿನವಿಡೀ ಇಂಥದೇ ಚಾರ್ಟ್ ಓದುವ ನಾನೂ ಆ ಎರಡು ಪದ ನಂಬಿ ಸುಮ್ಮನಿದ್ದೆ. ಅದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಕೊನೆಗೆ ಹಾಸನದಲ್ಲಿ ಡಾಪ್ಲರ್ ಮಾಡಿಸಿದೆವು. ಎರಡೂ ಕಡೆಯ ನಾಳ ಸರಿಯಾಗಿತ್ತು. ಅಲ್ಲಿಯ ಡಾಕ್ಟರು ಸ್ಟೆತಾಸ್ಕೋಪನ್ನು ಎದೆಗೆ ಇಟ್ಟರು, ಹೃದಯದ ಸ್ಕ್ಯಾನ್ ಎಕೋ ಮಾಡಿಸಿದರು. ಕಿರಿದಾಗಿದ್ದದ್ದು ಹೃದಯದ ವಾಲ್ವ್. ಆ ಮೊದಲ ಸದ್ದನ್ನು ಸದ್ದು ಅಂತಲೇ ಬರೆದಿಟ್ಟಿದ್ದರೆ ಮುಂದಿನವರು ಯಾರಾದರೂ ಇದು ಎಲ್ಲಿಂದ ಬರುತ್ತಿದೆ ಅಂತ ಹುಡುಕುತ್ತಿದ್ದರು. ಕಾಯಿಲೆಯ ಹೆಸರು ಬರೆದ ಮೇಲೆ ಯಾರೂ ಹುಡುಕಲಿಲ್ಲ.

ಹುಡುಗಿ ಜೊತೆ ಕೂತು ರಿಬಟಲ್, ಅಂದರೆ ಆಡಿಟ್‌ಗೆ ಆಕ್ಷೇಪಣೆ, ಬರೆದು ಕಳಿಸಿಯೇ ಎದ್ದೆ. ನಿಯಮದ ಸಾಲು ಹಾಗೆಯೇ ಎತ್ತಿ ಹಾಕಿದ್ದೇವೆ. ಎರರ್ ತೆಗೆಯದಿದ್ದರೆ ಮೇಲಿನವರ ಹತ್ತಿರವೂ ಹೋಗುತ್ತೇನೆ, ನನ್ನ ಸ್ಕೋರ್ ಏನಾದರೂ ಆಗಲಿ.

ಹೋದ ಭಾನುವಾರ ಅಪ್ಪನನ್ನು ಹೊಸ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದೆ. ಫೈಲ್ ತಿರುವಿದವರು ಮೊದಲು ಕೇಳಿದ್ದು, "ಯಜಮಾನ್ರೇ, ಕತ್ತಿನ ಬ್ಲಾಕ್‌ಗೆ ಸ್ಟೆಂಟ್ ಹಾಕಿಸಿದ್ರಾ?"