ಹಡಗಿಗೆ ಚೈನ್ ಇರ್ತದೇನ್ರಿ?

ಮಧ್ಯಾಹ್ನ ಎರಡೂವರೆ. ಕಲಬುರಗಿಯ ಮೇ ತಿಂಗಳು. ಹೊರಗೆ 42 ಡಿಗ್ರಿ, ಒಳಗೆ ಕರೆಂಟ್ ಇಲ್ಲ. ಒದ್ದೆ ಟವೆಲ್ ಎದೆ ಮೇಲೆ ಹಾಕಿಕೊಂಡು ಶಹಾಬಾದ್ ಫರ್ಶಿ ಮೇಲೆ ಬಿದ್ದುಕೊಂಡಿದ್ದೆ. ಇನ್ನೇನು ಕಣ್ಣು ಹತ್ತಿತು ಅನ್ನುವಾಗ ಫೋನ್.

“ನಮಸ್ಕಾರ ಸರ್. ನಿಮ್ಮ ಟ್ರಾವೆಲ್ ಸ್ಟೈಲ್ ಏನು ಅಂತ ಸ್ವಲ್ಪ ಹೇಳ್ತೀರಾ?”

ಹದಿನೈದು ದಿನದಲ್ಲಿ ಇದು ಏಳನೇ ಸಲ. ಅದೇ ಹುಡುಗ, ಅದೇ ಬೆಂಗಳೂರು ಕನ್ನಡ, ಅದೇ ಹೊತ್ತು. ಈ ಊರಲ್ಲಿ ಮೇ ತಿಂಗಳ ಎರಡೂವರೆಗೆ ನಾಯಿಯೂ ಬೊಗಳುವುದಿಲ್ಲ. ಇವನು ಮಾತ್ರ ನನಗೆ ನದಿ ಕ್ರೂಸ್ ಅನ್ನುವ ಹಡಗಿನ ಪ್ರವಾಸ ಹೊಂದುತ್ತದೋ ಇಲ್ಲವೋ ಎಂದು ವಿಚಾರಿಸುತ್ತಾನೆ.

ಮೂಲ ನಮ್ಮ ಮನೆಯಲ್ಲೇ ಇದೆ. ಅಪ್ಪನ, ಅಂದರೆ ನಮ್ಮೂರ ಶರಣಬಸವೇಶ್ವರರ, ಜಾತ್ರೆಗೆ ಹೋದಾಗ ಒಂದು ಮಳಿಗೆ ಮುಂದೆ ಡಬ್ಬಿ ಇಟ್ಟಿದ್ದರು. ಚೀಟಿ ಬರೆದು ಹಾಕಿದರೆ ನಾನ್‌ಸ್ಟಿಕ್ ತವಾ ಬಹುಮಾನ. ಹೆಂಡತಿ ತನ್ನ ಹೆಸರು ಬರೆದು ನನ್ನ ನಂಬರ್ ಹಾಕಿದಳು. ತವಾ ಬರಲಿಲ್ಲ. ಯುರೋಪಿನ ಡ್ಯಾನ್ಯೂಬ್ ನದಿ ಬಂತು.

ಹುಡುಗನ ಬಳಿ ಎರಡು ಮಾಲು ಇವೆ. ಒಂದು ಚಿಕ್ಕದು. ಜರ್ಮನಿಯ ಪಸ್ಸಾವ್‌ನಿಂದ ವಿಯೆನ್ನಾ ಹಾಯ್ದು ಬುಡಾಪೆಸ್ಟ್‌ವರೆಗೆ, ಏಳು ರಾತ್ರಿ. ಇನ್ನೊಂದು ದೊಡ್ಡದು. ಆಮ್‌ಸ್ಟರ್‌ಡ್ಯಾಮ್‌ನಿಂದ ರೈನ್, ಮೈನ್, ಡ್ಯಾನ್ಯೂಬ್ ಹಿಡಿದು ಬುಡಾಪೆಸ್ಟ್‌ಗೆ, ಹದಿನಾಲ್ಕು ರಾತ್ರಿ. ರೇಟು ಕೇಳಿದರೆ ಮಾತ್ರ “ಅದು ಆಮೇಲೆ ಸರ್, ಮೊದಲು ನಿಮ್ಮ ಸ್ಟೈಲ್ ಹೇಳಿ” ಅನ್ನುತ್ತಾನೆ.

ನಿದ್ದೆ ಹೇಗೂ ಹೋಗಿತ್ತು. ಹಾಗಾಗಿ ನಾನೂ ವಿಚಾರ ಮಾಡಿದ್ದೇನೆ. ಸುಮ್ನೆ ಬೈದು ಬಿಟ್ಟಿಲ್ಲ.

ಒಂದು ವಿಷಯ ನಮಗೆ ಚೆನ್ನಾಗಿ ಹೊಂದುತ್ತದೆ. ನದಿಯಲ್ಲಿ ಸಮುದ್ರದಂಥ ಅಲೆ ಇಲ್ಲ, ಹಡಗು ಹೊಯ್ದಾಡುವುದು ಕಡಿಮೆ. ನನ್ನ ಹೆಂಡತಿಗೆ ಬೀದರ್ ಬಸ್ಸಿನಲ್ಲಿ ಹುಮನಾಬಾದ್ ಬರುವುದರೊಳಗೆ ಎರಡು ನಿಂಬೆಹಣ್ಣು ಬೇಕು. ಅವಳಿಗೆ ಇದು ದೊಡ್ಡ ಸಮಾಧಾನ. ಜನರೂ ಕಡಿಮೆ. ಸಮುದ್ರದ ಹಡಗಿನಲ್ಲಿ ಸಾವಿರಗಟ್ಟಲೆ ಮಂದಿಯಾದರೆ ಇದರಲ್ಲಿ ನೂರಾ ತೊಂಬತ್ತರ ಆಸುಪಾಸು. ನಮ್ಮಲ್ಲಿ ಅಷ್ಟು ಜನ ಸೀಮಂತಕ್ಕೇ ಬರುತ್ತಾರೆ.

ಆದರೆ ಹುಡುಗ ಯಾವುದನ್ನು ಹೆಗ್ಗಳಿಕೆಯ ಮಾತು ಎಂದುಕೊಂಡಿದ್ದಾನೋ ಅಲ್ಲೇ ತೊಡಕು. “ಸರ್, ಒಂದೇ ಸಲ ಬ್ಯಾಗ್ ಬಿಚ್ಚಿದ್ರೆ ಸಾಕು. ಹೋಟೆಲ್ ಬದಲಾಯಿಸೋ ತಾಪತ್ರಯ ಇಲ್ಲ. ರೂಮೇ ನಿಮ್ಮ ಜೊತೆ ಊರೂರಿಗೆ ಬರುತ್ತೆ.” ಅಲ್ಲಪ್ಪಾ, ನಮ್ಮ ಮನೆಯಲ್ಲಿ ಬ್ಯಾಗ್ ಬಿಚ್ಚುವ ಪದ್ಧತಿಯೇ ಇಲ್ಲ. ಲಾಡ್ಜಿನ ಕಪಾಟಿನಲ್ಲಿ ಬಟ್ಟೆ ಇಟ್ಟರೆ ಅಲ್ಲೇ ಮರೆತು ಬರುತ್ತೇವೆ ಎಂದು ನನ್ನ ಹೆಂಡತಿಯ ನಂಬಿಕೆ. ಮೂರು ದಿನ ಇದ್ದರೂ ಜಿಪ್ಪನ್ನು ಒಂದು ಗೇಣು ತೆಗೆದು ಕೈ ತೂರಿಸಿ, ತಳದಲ್ಲಿರುವ ಸೀರೆಯನ್ನು ಕರು ಎಳೆದಂತೆ ಎಳೆಯುತ್ತಾಳೆ.

ಇನ್ನೊಂದು ಸಂಗತಿ ಅವನು ಹೇಳಲಿಲ್ಲ, ಹೋಗಿ ಬಂದ ಗೆಳೆಯರೊಬ್ಬರು ಹೇಳಿದರು. ಜನಜಾಸ್ತಿ ದಿನಗಳಲ್ಲಿ ದಂಡೆಯಲ್ಲಿ ಜಾಗ ಸಾಲದೆ ಹಡಗುಗಳನ್ನು ಒಂದರ ಪಕ್ಕ ಒಂದು ಕಟ್ಟಿ ನಿಲ್ಲಿಸುತ್ತಾರಂತೆ. ನದಿ ಕಾಣಲಿ ಎಂದು ಜಾಸ್ತಿ ದುಡ್ಡು ಕೊಟ್ಟು ಬಾಲ್ಕನಿ ತೆಗೆದುಕೊಂಡವರು ಬೆಳಿಗ್ಗೆ ಪರದೆ ಸರಿಸಿದರೆ ಪಕ್ಕದ ಹಡಗಿನ ಮುದುಕರೊಬ್ಬರು ಹಲ್ಲುಜ್ಜುತ್ತಿದ್ದರಂತೆ. ಹುಣ್ಣಿಮೆ ದಿನ ಗಾಣಗಾಪುರದಲ್ಲಿ ರೂಮು ಹಿಡಿದವರಿಗೆ ಇದೇನೂ ಹೊಸ ನೋಟವಲ್ಲ. ಅದಕ್ಕೆ ವೀಸಾ ಯಾಕೆ?

ಹೊರದೇಶ ಬೇಡವಾದರೆ ನಮ್ಮ ಗಂಗೆಯೇ ಇದೆ ಎಂದು ಮಗ ಸಲಹೆ ಕೊಟ್ಟ. 2023ರ ಜನವರಿ 13ರಂದು ವಾರಾಣಸಿಯಿಂದ ಹೊರಟ ಗಂಗಾ ವಿಲಾಸ್, ಬಾಂಗ್ಲಾದೇಶ ಹಾಯ್ದು ಅಸ್ಸಾಮಿನ ದಿಬ್ರೂಗಢಕ್ಕೆ ಹೋಯಿತು. ಸುಮಾರು 3,200 ಕಿಲೋಮೀಟರ್, 51 ದಿನದ ಪ್ರವಾಸ. ಹೆಂಡತಿ ಒಂದೇ ಪ್ರಶ್ನೆ ಕೇಳಿದಳು. “51 ದಿನ ನಳ ಬಂದಾಗ ನೀರು ಯಾರು ತುಂಬ್ತಾರ?” ಆ ವಿಷಯ ಅಲ್ಲಿಗೆ ಮುಗಿಯಿತು.

ಇಷ್ಟೆಲ್ಲ ಸರಿಹೋದರೂ ಕೊನೆಗೆ ನಮ್ಮ ಮಾಮಾ ಇದ್ದಾರೆ. ಅಕ್ಕನ ಗಂಡ. ಅವರನ್ನು ಬಿಟ್ಟು ನಮ್ಮ ಮನೆತನದಲ್ಲಿ ಪ್ರವಾಸವೇ ಇಲ್ಲ. ಮಾಮಾ ರೈಲು ನಿಂತಲ್ಲೆಲ್ಲ ಇಳಿಯುತ್ತಾರೆ. ಒಂದು ನಿಮಿಷ ನಿಂತರೂ ಇಳಿಯುತ್ತಾರೆ. ನೀರಿಗಲ್ಲ, ಚಹಾಕ್ಕಲ್ಲ. ಪ್ಲಾಟ್‌ಫಾರ್ಮಿನ ತುದಿಯ ಹಳದಿ ಬೋರ್ಡಿನಲ್ಲಿ ಊರಿನ ಹೆಸರಿನ ಕೆಳಗೆ ಸಮುದ್ರಮಟ್ಟದಿಂದ ಎಷ್ಟು ಎತ್ತರ ಎಂದು ಬರೆದಿರುತ್ತದಲ್ಲ, ಅದನ್ನು ಓದಲಿಕ್ಕೆ. ಓದಿ ಬಂದು ಸಣ್ಣ ಡೈರಿಯಲ್ಲಿ ಬರೆದುಕೊಳ್ಳುತ್ತಾರೆ. ಯಾಕೆ ಮಾಮಾ ಅಂದರೆ, “ಗೊತ್ತಿರ್ಬೇಕಲ್ಲೊ ತಮ್ಮಾ, ನಾವು ಏರ್ಲತ್ತೀವೋ ಇಳೀಲತ್ತೀವೋ!”

ಇಪ್ಪತ್ತು ವರ್ಷದ ಹಿಂದೆ ಹನ್ನೊಂದು ಜನ ಮಂತ್ರಾಲಯಕ್ಕೆ ಹೊರಟಿದ್ದೆವು. ವಾಡಿ ಜಂಕ್ಷನ್ನಿನಲ್ಲಿ ಗಾಡಿ ನಿಂತಿತು. ಮಾಮಾ ಇಳಿದರು. ಒಂದು ಕಾಲಿಗೆ ತಮ್ಮ ಚಪ್ಪಲಿ, ಇನ್ನೊಂದಕ್ಕೆ ಮೇಲಿನ ಬರ್ತಿನವರದು. ಹನ್ನೊಂದೂ ಜನರ ಟಿಕೆಟ್ ಅವರ ಜೇಬಿನಲ್ಲಿ. ಐದು ನಿಮಿಷವಾಯಿತು, ಹತ್ತಾಯಿತು. ಅಷ್ಟರಲ್ಲಿ ಕಿಟಕಿಯಾಚೆ ಎಲ್ಲ ಮೆಲ್ಲಗೆ ಹಿಂದಕ್ಕೆ ಸರಿಯತೊಡಗಿತು. “ಗಾಡಿ ಬಿಡ್ತು!” ಎಂದು ಅಕ್ಕ ಕೂಗಿದಳು. ಅವ್ವ ರಾಯರನ್ನು ಕರೆದಳು. ನಮ್ಮ ಚಿಕ್ಕಪ್ಪನ ಮಗ ಆಗತಾನೇ ಜಿಮ್ಮಿಗೆ ಸೇರಿದ್ದ. ಹಾರಿ ಚೈನಿಗೆ ಜೋತುಬಿದ್ದ.

ಗಾಡಿ ನಿಲ್ಲಲಿಲ್ಲ. ಯಾಕೆಂದರೆ ಗಾಡಿ ಹೊರಟೇ ಇರಲಿಲ್ಲ. ಸರಿದದ್ದು ಪಕ್ಕದ ಹಳಿಯ ರೈಲು. ನಮ್ಮದು ಗೂಟಕ್ಕೆ ಕಟ್ಟಿದ ಎಮ್ಮೆಯ ಹಾಗೆ ನಿಂತಲ್ಲೇ ನಿಂತಿತ್ತು.

ಗಾರ್ಡ್ ಬಂದರು, ಪೊಲೀಸರು ಬಂದರು. ಅರ್ಧ ರೈಲು ಇಳಿದು ನಮ್ಮ ಕಿಟಕಿಗೆ ಮುಖ ಹಚ್ಚಿತು. ಆ ಗುಂಪಿನ ಹಿಂದಿನಿಂದ, ಕೈಯಲ್ಲಿ ಮಿರ್ಚಿಭಜಿ ಪೊಟ್ಟಣ ಹಿಡಿದು, ಹೆಬ್ಬೆರಳ ಮೇಲೆ ನಿಂತು ಒಬ್ಬರು ಬಗ್ಗಿ ನೋಡುತ್ತಿದ್ದರು. “ಯಾನಾಗ್ಯದ್ರಿ?” ಎಂದು ಪಕ್ಕದವರನ್ನು ಕೇಳಿದರು. “ಯಾರೋ ಹುಚ್ಚರು ನಿಂತ ಗಾಡಿ ಚೈನ್ ಜಗ್ಗ್ಯಾರಂತ.” ಮಾಮಾ ಹೊಟ್ಟೆ ಹಿಡಿದು ನಕ್ಕರು. “ಎಂಥೆಂಥ ಮಂದಿ ಇರ್ತಾರಪ್ಪ!” ಅಂದರು. ಆಗ ಕಿಟಕಿಯಲ್ಲಿ ಅಕ್ಕನ ಮುಖ ಕಂಡಿತು. ಭಜಿ ಬಾಯಲ್ಲೇ ಉಳಿಯಿತು.

ದಂಡ ಕಟ್ಟಿದೆವು. ಗಾಡಿ ನಿಜವಾಗಿ ಹೊರಟಿತು. ಯಾದಗಿರಿ ದಾಟುವವರೆಗೂ ಹನ್ನೊಂದು ಜನರಲ್ಲಿ ಯಾರೂ ಯಾರೊಡನೆಯೂ ಮಾತಾಡಲಿಲ್ಲ. ಭೀಮಾ ನದಿಯ ಸೇತುವೆ ಬಂತು. ಅವ್ವ ಸೆರಗಿನ ಗಂಟು ಬಿಚ್ಚಿದಳು. ಎಲ್ಲರ ಕೈಗೂ ಒಂದೊಂದು ರೂಪಾಯಿ ಕೊಟ್ಟು, “ಅಷ್ಟು ದಂಡ ಕಟ್ಟೀರಿ, ಇದೊಂದು ಭೀಮವ್ವಗ ಹಾಕ್ರಿ” ಅಂದಳು. ಸರಳುಗಳ ನಡುವೆ ಕೈ ಹಾಕಿ ಎಸೆದೆವು. ಕಬ್ಬಿಣಕ್ಕೆ ಬಡಿದು ಟಣ್ ಅಂದದ್ದು ಮಾಮಾನದು. ಮೊದಲು ನಕ್ಕವಳು ಅಕ್ಕ.

ಅವ್ವ ಈಗಿಲ್ಲ. ಹೋದ ವರ್ಷ ಅದೇ ಸೇತುವೆ ದಾಟುವಾಗ ಏಸಿ ಬೋಗಿಯಲ್ಲಿದ್ದೆ. ಕಿಟಕಿ ತೆಗೆಯಲು ಬರುವುದಿಲ್ಲ. ಮುಷ್ಟಿಯಲ್ಲಿದ್ದ ನಾಣ್ಯ ಹಾಗೇ ಮನೆಗೆ ಬಂತು.

ನಿನ್ನೆ ಆ ಏಳನೇ ಫೋನ್ ಬಂದಾಗ ಮಾಮಾ ನಮ್ಮಲ್ಲೇ ಇದ್ದರು. ಅವರ ಓಣಿಯಲ್ಲೂ ಕರೆಂಟ್ ಇರಲಿಲ್ಲ. ಫೋನ್ ಅವರ ಕೈಗೆ ಕೊಟ್ಟೆ. ಹುಡುಗ ಹುರುಪಿನಿಂದ ದೊಡ್ಡ ಮಾಲು ತೆಗೆದ. 1992ರಲ್ಲಿ ತೆರೆದ ಕಾಲುವೆ, 171 ಕಿಲೋಮೀಟರ್ ಉದ್ದ, ಮೈನ್ ನದಿಯನ್ನು ಡ್ಯಾನ್ಯೂಬ್‌ಗೆ ಜೋಡಿಸುತ್ತದೆ. ದಾರಿಯಲ್ಲಿ 16 ಗೇಟುಕಟ್ಟೆ. ಹಡಗು ಒಳಗೆ ಹೋದಮೇಲೆ ಹಿಂದಿನ ಗೇಟು ಹಾಕಿ ನೀರು ತುಂಬುತ್ತಾರೆ, ಹಡಗು ತಾನೇ ಮೇಲೇಳುತ್ತದೆ. ಹೀಗೆ ಮೆಟ್ಟಿಲು ಹತ್ತಿದಂತೆ ಹತ್ತಿ ಸಮುದ್ರಮಟ್ಟದಿಂದ 406 ಮೀಟರ್ ಎತ್ತರಕ್ಕೆ ಹೋಗುತ್ತದೆ.

ಮಾಮಾ ಡೈರಿ ತೆಗೆದರು. ಪುಟ ತಿರುವಿದರು. “ತಮ್ಮಾ, ನಮ್ಮ ಕಲಬುರಗಿ ಅದಕ್ಕಿಂತ ಮ್ಯಾಲದ. ನಾ ಇಲ್ಲೇ ಮಲಗೀನಿ, ಅದಕ್ಕ ಅಷ್ಟು ರೊಕ್ಕ ಕೊಟ್ಟು ಕೆಳಗ ಯಾಕ ಇಳೀಲಿ?”

ಹುಡುಗ ಬಿಡಲಿಲ್ಲ. ಬೇಸಿಗೆಯಲ್ಲಿ ನೀರು ಇಳಿದರೆ ಏನು ಮಾಡ್ತೀರಿ ಎಂದು ಮಾಮಾ ಕೇಳಿದರು. ಬಸ್ಸಿನಲ್ಲಿ ಕರೆದುಕೊಂಡು ಹೋಗುತ್ತಾರೆ ಎಂದು ಒಪ್ಪಿಕೊಂಡ. 2022ರಲ್ಲಿ ರೈನ್ ನದಿಯಲ್ಲಿ ನೀರು ಹಾಗೇ ಇಳಿದಿತ್ತು. “ನೀರು ಜಾಸ್ತಿ ಬಂದ್ರ?” ಸೇತುವೆ ಕೆಳಗೆ ಹಡಗು ಹಾಯುವುದಿಲ್ಲ, ಆಗಲೂ ಬಸ್ಸೇ. “ನಮ್ಮ ಭೀಮೆನೂ ಹಿಂಗೇ ಅದಾಳ” ಎಂದು ಮಾಮಾ ನನ್ನತ್ತ ನೋಡಿದರು. “ಆಯ್ತು, ನಾ ಊರು ನೋಡ್ಲಾಕ ಇಳದಿರ್ತೀನಿ. ಹೊತ್ತಾಯ್ತು. ಹಡಗು ನಿಲ್ತದೇನು?”

“ಇಲ್ಲ ಸರ್. ಟೈಮಿಗೆ ಹೊರಡುತ್ತೆ. ಮುಂದಿನ ಊರಿಗೆ ನಿಮ್ಮ ಖರ್ಚಲ್ಲೇ ಬರಬೇಕು.”

“ಮತ್ತ ಹಡಗಿಗೆ ಚೈನ್ ಇರ್ತದೇನ್ರಿ?”

ಹದಿನೈದು ದಿನದಲ್ಲಿ ಮೊದಲ ಸಲ ಆ ಕಡೆ ಮಾತು ನಿಂತಿತು. ಮಾಮಾ ವಾಡಿ ಕಥೆ ಪೂರ್ತಿ ಹೇಳಿದರು. ತಮ್ಮ ತಪ್ಪು ಬಿಟ್ಟು ಉಳಿದದ್ದೆಲ್ಲ ಹೇಳಿದರು. ಆ ಕಡೆ ಹುಡುಗ ನಕ್ಕು ನಕ್ಕು, “ನಂದು ಯಾದಗಿರೀನೇ ರೀ ಮಾಮಾ. ವಾಡಿ ಭಜಿ ತಿಂದು ಮೂರು ವರ್ಷ ಆಯ್ತು. ರಜಾನೇ ಕೊಡವಲ್ರು” ಅಂದ. ಬೆಂಗಳೂರು ಕನ್ನಡ ಎಲ್ಲಿ ಹೋಯಿತೋ. ಅವನೂ ಒಮ್ಮೆಯೂ ಹಡಗು ಹತ್ತಿಲ್ಲವಂತೆ. ನನ್ನ ಹೆಸರು ಪಟ್ಟಿಯಿಂದ ತೆಗೆಯುತ್ತೇನೆ, ಇನ್ನು ಯಾರೂ ಕಾಡುವುದಿಲ್ಲ ಎಂದು ಮಾತು ಕೊಟ್ಟ.

ಇವತ್ತು ಮತ್ತೆ ಫರ್ಶಿ ಮೇಲೆ ಬಿದ್ದುಕೊಂಡೆ. ಎರಡೂವರೆಗೆ ಫೋನ್. ಈ ಸಲ ಹುಡುಗಿ.

“ನಮಸ್ಕಾರ ಸರ್, ನಿಮ್ಮ ಟ್ರಾವೆಲ್ ಸ್ಟೈಲ್...”

ಅಡುಗೆಮನೆಯಿಂದ ಹೆಂಡತಿ ಕೂಗಿದಳು. “ಇಡಬ್ಯಾಡ್ರಿ, ಇಡಬ್ಯಾಡ್ರಿ! ತವಾ ಏನಾಯ್ತು ಕೇಳ್ರಿ!”