ಮೈಕ್ ಇಲ್ಲದೆ ಬಂದ ದನಿ

ಹಾಡಿನಲ್ಲೇ ಕತೆ ಹೇಳುವ ಪಾಶ್ಚಾತ್ಯ ನಾಟಕ ಒಪೆರಾ. ಅದರ ಕಾಲ ಮುಗೀತು, ಇನ್ನು ಯಾರೂ ನೋಡಲ್ಲ ಅಂತ ಯಾರಾದರೂ ಬರೆದಾಗಲೆಲ್ಲ ನನಗೆ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾದ, ಅಂದರೆ 'ಮೆಟ್'ನ, ಕೊನೆಯ ಸಾಲಿನ ಸೀಟು ನೆನಪಾಗುತ್ತದೆ. ಒಂದು ಚಳಿಗಾಲದ ಸಂಜೆ ಅಲ್ಲಿ ಕೂತು ಇಟಲಿಯ ಸಂಯೋಜಕ ಪುಚ್ಚೀನಿಯ 'ಲಾ ಬೊಹೆಮ್' ನೋಡಿದೆ. ಸುಮಾರು 3,800 ಸೀಟಿನ ರಂಗಮಂದಿರ. ನನ್ನದು ಎಲ್ಲಕ್ಕಿಂತ ಮೇಲಿನ ಅಂತಸ್ತು. ಶುರುವಾಗುವ ಮುಂಚೆ ಹರಳಿನ ದೀಪದ ಗೊಂಚಲುಗಳು ಮೆಲ್ಲಗೆ ಮೇಲೇರಿ ಸೂರಿನ ಹತ್ತಿರ ನಿಂತವು. ಕೆಳಗೆ ನಟರು ಹೆಬ್ಬೆರಳಿನಷ್ಟು ಕಾಣುತ್ತಿದ್ದರು.

ಕತೆ ಸಣ್ಣದು. ಪ್ಯಾರಿಸ್ಸಿನ ಅಟ್ಟದ ಕೋಣೆ, ಒಲೆಗೆ ಸೌದೆಯೂ ಇಲ್ಲದ ಕವಿ. ಮೇಣದಬತ್ತಿ ಆರಿತು ಅಂತ ಬೆಂಕಿ ಕೇಳಿಕೊಂಡು ಪಕ್ಕದ ಕೋಣೆಯ ಮಿಮಿ ಬರುತ್ತಾಳೆ. ಕತ್ತಲಲ್ಲಿ ಬೀಗದ ಕೈ ಹುಡುಕುವಾಗ ಅವಳ ಕೈ ಇವನಿಗೆ ತಗಲುತ್ತದೆ. ತಣ್ಣಗಿದೆ. ಅಲ್ಲಿಂದ ಹಾಡು. ಮೈಕ್ ಇಲ್ಲ, ಎದುರಿಗೆ ದೊಡ್ಡ ವಾದ್ಯಮೇಳ. ಆದರೂ ಆ ದನಿ ನನ್ನ ಪಕ್ಕದಲ್ಲೇ ಕೂತು ಹಾಡಿದ ಹಾಗೆ ಬಂತು.

ಸುಮ್ನೆ ಜೋರಾಗಿ ಹಾಡಿದರೆ ಹಾಗೆ ಕೇಳಿಸಲ್ಲ. ದನಿ ಎಷ್ಟು ಏರಿನದು ಅಂತ ಅಳೆಯುವುದು ಹರ್ಟ್ಸ್‌ನಲ್ಲಿ. ವಾದ್ಯಗಳ ಶಬ್ದ ಜಾಸ್ತಿ ಇರುವುದು 500 ಹರ್ಟ್ಸ್ ಸುತ್ತಮುತ್ತ. ಪಳಗಿದ ಗಾಯಕರು ಗಂಟಲನ್ನು ಹದ ಮಾಡಿ 3,000 ಹರ್ಟ್ಸ್ ಹತ್ತಿರ ದನಿಗೆ ಬಲ ತುಂಬುತ್ತಾರೆ. ಅಲ್ಲಿ ವಾದ್ಯಗಳ ಗದ್ದಲ ಕಡಿಮೆ, ದನಿ ದಾಟಿಕೊಂಡು ಬರುತ್ತದೆ. ನಮ್ಮ ತಾತ ಕಂಪನಿ ನಾಟಕದ ಹುಚ್ಚಿನವರು. ಮೈಕ್ ಬರುವ ಮುಂಚೆ ನಟರು ಕೊನೆ ಸಾಲಿಗೂ ಕೇಳುವ ಹಾಗೆ ಹಾಡುತ್ತಿದ್ದರಂತೆ. "ಕಿರುಚೋದಲ್ಲ ಕಣೋ, ಹೊಟ್ಟೆಯಿಂದ ಬರಬೇಕು" ಅನ್ನುತ್ತಿದ್ದರು. ಆ ಮಾತು ನನಗೆ ತಿಳಿದದ್ದು ಅವತ್ತು.

ಒಪೆರಾ ಹಾಡುವ ಭಾಷೆ ಬರಲ್ಲ ಅನ್ನುವುದು ಈಗ ನೆಪ ಅಷ್ಟೇ. 1983ರಲ್ಲೇ ಟೊರಾಂಟೊದಲ್ಲಿ ವೇದಿಕೆಯ ಮೇಲ್ಗಡೆ ಅನುವಾದದ ಸಾಲು ತೋರಿಸಿದರು. ಮೆಟ್‌ನಲ್ಲಿ ಮುಂದಿನ ಸೀಟಿನ ಬೆನ್ನಿಗೇ ಆ ಸಾಲು ತೋರಿಸುವ ಪುಟ್ಟ ಪರದೆ ಇದೆ. ನನಗೆ ಬೇಜಾರಾಗುವುದು ಬೇರೆ ವಿಷಯಕ್ಕೆ. 1883ರಲ್ಲಿ ಶುರುವಾದ ಈ ಸಂಸ್ಥೆ ಕಪ್ಪು ಸಂಯೋಜಕರೊಬ್ಬರ ಒಪೆರಾ ಮೊದಲ ಸಲ ಆಡಿದ್ದು 2021ರಲ್ಲಿ, ಟೆರೆನ್ಸ್ ಬ್ಲಾಂಚರ್ಡ್ ಅವರದ್ದು. ಅಷ್ಟು ವರ್ಷ ಬೇಕಿತ್ತಾ? ಹೊಸಬರ ಕತೆಗೆ ಬಾಗಿಲು ತೆರೆಯದೆ, ಜನ ಬರಲ್ಲ ಅಂತ ಕೊರಗಿದರೆ ಹೇಗೆ?

ಇನ್ನು ಟಿಕೆಟ್ ದುಬಾರಿ, ಇದು ಶ್ರೀಮಂತರ ಕಲೆ ಅನ್ನುವ ಮಾತು. ಒಪೆರಾ ಹುಟ್ಟಿದ್ದು ಅರಮನೆಗಳಲ್ಲಿ, ನಿಜ. ಆದರೆ 1637ರಲ್ಲಿ ವೆನಿಸ್‌ನಲ್ಲಿ ದುಡ್ಡು ಕೊಟ್ಟ ಯಾರು ಬೇಕಾದರೂ ಒಳಗೆ ಬರಬಹುದಾದ ರಂಗಮಂದಿರ ತೆರೆದ ಮೇಲೆ ಅದು ಊರಿನದಾಯಿತು. 2006ರಿಂದ ಮೆಟ್ ತನ್ನ ಪ್ರದರ್ಶನಗಳನ್ನು ಸಿನಿಮಾ ಥಿಯೇಟರುಗಳಿಗೆ ನೇರವಾಗಿ ಕಳಿಸುತ್ತಿದೆ. ಒಳ್ಳೆಯದೇ, ನಟರ ಮುಖ ಹತ್ತಿರದಿಂದ ಕಾಣುತ್ತದೆ. ಆದರೆ ಅಲ್ಲಿ ಕೇಳುವುದು ಸ್ಪೀಕರಿನ ದನಿ. ಬರೀ ಗಾಳಿಯಲ್ಲಿ ತೇಲಿ ಬರುವ ದನಿ ಬೇಕಾದರೆ ಒಳಗೇ ಕೂರಬೇಕು. ಅದಕ್ಕೇ ಆ ಮೇಲಿನ ಸಾಲುಗಳು ಅಗ್ಗವಾಗಿಯೇ ಇರಬೇಕು ಅಂತ ನಾನು ಹಟ ಹಿಡಿಯುವುದು.

ಅವತ್ತು ನನ್ನ ಪಕ್ಕ ಒಬ್ಬ ಕಾಲೇಜು ಹುಡುಗ ಇದ್ದ. ಹಿಮದಲ್ಲಿ ನೆಂದ ಶೂ, ಕಾಲ ಬಳಿ ಪುಸ್ತಕದ ಚೀಲ. ಮೊದಲ ಮೂರು ಅಂಕ ಪುಟ್ಟ ಪರದೆಯ ಮೇಲೇ ಕಣ್ಣಿಟ್ಟಿದ್ದ. ಮಿಮಿಯನ್ನು ಸಾಯುವ ಸ್ಥಿತಿಯಲ್ಲಿ ಆ ಕೋಣೆಗೆ ವಾಪಸ್ ಕರೆತಂದಾಗ, ಕೈ ಚಾಚಿ ಪರದೆ ಆರಿಸಿಬಿಟ್ಟ.